ಸೂಜಿ ಮಗುವಿಗೆ, ನೋವು ಇಬ್ಬರಿಗೂ

ಹೊನ್ನಾವರದ ಕಡೆ, ಕಡಲ ದಂಡೆಯ ಊರುಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ನರ್ಸು ನಾನು. ಗುರುವಾರ ಅಂಗನವಾಡಿಗೆ ಹೋದರೆ ಕೆಲವು ಮಕ್ಕಳು ನನ್ನನ್ನು ಕಂಡೊಡನೆ ಅಜ್ಜಿಯ ಸೆರಗು ಹಿಡಿಯುತ್ತಾರೆ. ಹಳೇ ಸೂಜಿಯ ನೆನಪಿಗಿಂತ ಮನೆಯ ಮಾತೇ ಇದಕ್ಕೆ ಜಾಸ್ತಿ ಕಾರಣ. "ಊಟ ಮಾಡು, ಇಲ್ದಿದ್ರೆ ಸಿಸ್ಟರ್ ಬಂದು ಸೂಜಿ ಚುಚ್ತಾರೆ" ಅಂತ ದಿನಾ ಹೆದರಿಸಿದ ಮೇಲೆ ನಾನೆಷ್ಟು ನಕ್ಕರೇನು?

ಆರು ವಾರದ ಕೂಸಿಗೆ ಈ ಹೆದರಿಕೆ ಇರುವುದಿಲ್ಲ. ಹೆದರುವುದು ತಾಯಿ. ಐದು ರೋಗಗಳನ್ನು ಒಂದೇ ಸೂಜಿಯಲ್ಲಿ ತಡೆಯುವ ಲಸಿಕೆಯಾದ ಪೆಂಟಾವ್ಯಾಲೆಂಟ್‌ನ ಮೊದಲ ಡೋಸಿಗೆ ಬರುವ ಬಾಣಂತಿಯರಲ್ಲಿ ಕೆಲವರು ಮಗುವಿಗಿಂತ ಮೊದಲೇ ಅಳುತ್ತಾರೆ. ಕೆಲವರು ಮಗುವನ್ನು ಅತ್ತೆಯ ಕೈಗೆ ಕೊಟ್ಟು ಹೊರಗೆ ಹೋಗಿ ನಿಲ್ಲುತ್ತಾರೆ. ಅವರನ್ನು ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸುತ್ತೇನೆ. ಮಗುವನ್ನು ಮೇಜಿನ ಮೇಲೆ ಮಲಗಿಸಿ ಕಾಲು ಒತ್ತಿ ಹಿಡಿಯುವುದಿಲ್ಲ. ತಾಯಿ ಹಾಲು ಕೊಡಲಿ, ಮಗು ಚೆನ್ನಾಗಿ ಚೀಪಲಿ, ಆಮೇಲೆ ತೊಡೆಗೆ ಸೂಜಿ. ವಿಶ್ವ ಆರೋಗ್ಯ ಸಂಸ್ಥೆಯೂ 2015ರಲ್ಲಿ ಹೀಗೆಯೇ ಸಲಹೆ ಕೊಟ್ಟಿದೆ. "ಹಾಲು ನೆತ್ತಿಗೆ ಹತ್ತಿದ್ರೆ?" ಅಂತ ಅಜ್ಜಿಯರು ಕೇಳುತ್ತಾರೆ. ತಲೆ ಸ್ವಲ್ಪ ಎತ್ತರಕ್ಕಿರಲಿ ಅನ್ನುತ್ತೇನೆ. ಕೈಗೊಂದು ಕೆಲಸ ಸಿಕ್ಕ ತಾಯಿ ಸೂಜಿಯನ್ನು ನೋಡುವುದಿಲ್ಲ, ಮಗುವಿನ ಮುಖ ನೋಡುತ್ತಾಳೆ. ಮಗು ಅಳುತ್ತದೆ, ಆದರೆ ಬೇಗ ಸುಮ್ಮನಾಗುತ್ತದೆ.

ಐದಾರು ವರ್ಷದ ಮಕ್ಕಳಿಗೆ ತೋಳಿಗೆ ಹಾಕುವ ಡಿಪಿಟಿ ಬೂಸ್ಟರ್, ಅಂದರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆಯ ಮರುಡೋಸು, ಬೇರೆಯೇ ಕಥೆ. "ನೋವೇ ಆಗೂದಿಲ್ಲ" ಅಂತ ಹೇಳಬೇಡಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ನೋವಾದ ಮೇಲೆ ಆ ಮಗು ನನ್ನನ್ನೂ ನಂಬುವುದಿಲ್ಲ, ನಿಮ್ಮನ್ನೂ ನಂಬುವುದಿಲ್ಲ. "ಏನಾಗಲ್ಲ, ಏನಾಗಲ್ಲ" ಅಂತ ಹತ್ತು ಸಲ ಅಂದರೂ ಕಷ್ಟವೇ. ಅಮ್ಮನ ದನಿ ನಡುಗುತ್ತಿದ್ದರೆ ಏನೋ ಆಗುತ್ತದೆ ಅಂತಲೇ ಮಗುವಿಗೆ ಅರ್ಥವಾಗುವುದು, ಅಲ್ವಾ? ನಾನು "ಸ್ವಲ್ಪ ಚುರ್ ಅಂತದೆ, ಬೇಗ ಮುಗೀತದೆ" ಅಂತೇನೆ. ಆಮೇಲೆ ಅಪ್ಪನ ದೋಣಿಯ ಬಣ್ಣ, ನಿನ್ನೆ ತಿಂದ ಮೀನು, ಹೀಗೆ ಏನಾದರೂ ಕೇಳುತ್ತಾ ಕೆಲಸ ಮುಗಿಸುತ್ತೇನೆ.

ಜೂನ್, ಜುಲೈನಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಅಪ್ಪಂದಿರು ಮನೆಯಲ್ಲಿರುತ್ತಾರೆ, ಮಕ್ಕಳನ್ನು ಅವರೇ ಕರೆತರುವುದುಂಟು. "ಗಂಡು ಹುಡ್ಗ, ಅಳ್ತಾನಾ?" ಅಂತ ಗದರುವವರೇ ಜಾಸ್ತಿ. ಹುಡುಗ ಅಳು ನುಂಗಿ ತೋಳು ಬಿಗಿ ಮಾಡುತ್ತಾನೆ. ಬಿಗಿದ ಸ್ನಾಯುವಿಗೆ ಸೂಜಿ ಹೋದರೆ ನೋವು ಇನ್ನೂ ಹೆಚ್ಚು. ಗದರುವ ಅಪ್ಪನಿಗೂ ಹೆದರಿಕೆಯೇ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ. ಅವರಿಗೂ ಕೆಲಸ ಕೊಡುತ್ತೇನೆ. ಹುಡುಗನನ್ನು ತೊಡೆಯ ಮೇಲೆ ಕೂರಿಸಿ ತಬ್ಬಿ ಹಿಡಿಯಿರಿ, ಅತ್ತರೆ ಅಳಲಿ ಬಿಡಿ.

ನಿಜವಾದ ತೊಂದರೆ ಇರುವುದು ಮನೆಯಲ್ಲಿ. ಪೆಂಟಾವ್ಯಾಲೆಂಟ್ ಹಾಕಿದ ಜಾಗ ಕೆಂಪಾಗಿ ಊದಬಹುದು, ರಾತ್ರಿ ಜ್ವರ ಬರಬಹುದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಆ ರಾತ್ರಿ ಬೈಸಿಕೊಳ್ಳುವವಳು ತಾಯಿ. "ಆರಾಮಿದ್ದ ಕೂಸಿಗೆ ಯಾಕೆ ಹಾಕಿಸ್ದೆ?" ಅನ್ನುತ್ತಾರೆ. ನಾನೇ ಮಗುವಿಗೆ ನೋವು ಮಾಡಿಸಿದೆ ಅಂತ ಅವಳಿಗೂ ಅನ್ನಿಸಿಬಿಡುತ್ತದೆ. ಹತ್ತನೇ ವಾರದ ಎರಡನೇ ಡೋಸು ತಪ್ಪುವುದು ಹೀಗೆ.

ಅದಕ್ಕೇ ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರನ್ನೇ ಹತ್ತಿರ ಕರೆದು, ಸೂಜಿಗೆ ಮೊದಲೇ ಎಲ್ಲ ಹೇಳುತ್ತೇನೆ. ಊದಿದ ಜಾಗ ಉಜ್ಜಬೇಡಿ, ತಣ್ಣೀರ ಬಟ್ಟೆ ಇಡಿ. ಜ್ವರ ಬಂದರೆ ಮಾತ್ರ ಪ್ಯಾರಾಸಿಟಮಾಲ್, ಅದೂ ನಾನು ಬರೆದುಕೊಟ್ಟಷ್ಟೇ. ಮರುದಿನ ಫೋನ್ ಮಾಡಿ ಮಗುವಿನ ಸುದ್ದಿ ಕೇಳುತ್ತೇನೆ, "ನೀವು ಮಲಗಿದ್ರಾ?" ಅಂತ ತಾಯಿಯನ್ನೂ ಕೇಳುತ್ತೇನೆ. ಕೆಲವರು ಮನಸ್ಸು ಬಿಚ್ಚಿ ಮಾತಾಡುವುದು ಆಗಲೇ. ಈಗೀಗ ಮುಂದಿನ ಡೋಸಿಗೆ ಕೆಲವು ಮನೆಗಳಿಂದ ಅತ್ತೆಯೇ, ಲಸಿಕೆಯ ಲೆಕ್ಕ ಬರೆದಿಡುವ ತಾಯಿ ಕಾರ್ಡು ಹಿಡಿದು ಸೊಸೆಯನ್ನು ಕರೆತರುತ್ತಾರೆ.