ಹಳೇ ರಿಪೋರ್ಟಿನಲ್ಲಿ 3, ಹೊಸ ಪಟ್ಟಿಯಲ್ಲಿ 1

ಜಗಳೂರು ಕಡೆಯ ಆ ರೈತರು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ದಾವಣಗೆರೆಗೆ ಬರುತ್ತಿದ್ದರು. ಲಿವರ್ ಕೆಡಿಸುವ ವೈರಸ್ ಸೋಂಕು ಹೆಪಟೈಟಿಸ್ ಸಿ ಕೂಡ ಇತ್ತು. ಸೊಫೊಸ್ಬುವಿರ್, ಡಕ್ಲಾಟಾಸ್ವಿರ್ ಮಾತ್ರೆಗಳನ್ನು 12 ವಾರ ಒಂದು ದಿನವೂ ತಪ್ಪದೆ ನುಂಗಿದರು. ಮಾತ್ರೆ ಮುಗಿದ 12 ವಾರಕ್ಕೆ ಲ್ಯಾಬಿನಲ್ಲಿ ಆರ್‌ಎನ್‌ಎ ಪರೀಕ್ಷೆ, ಅಂದರೆ ರಕ್ತದಲ್ಲಿ ವೈರಸ್ಸಿನ ಆನುವಂಶಿಕ ವಸ್ತು ಹುಡುಕುವ ಪರೀಕ್ಷೆ, ಮಾಡಿದವನು ನಾನೇ. ವೈರಸ್ ಕಾಣಲಿಲ್ಲ, ಅಂದರೆ ವಾಸಿಯಾದ ಹಾಗೆಯೇ. ಎಂಟು ತಿಂಗಳು ಕಳೆದು ಲಿವರ್ ಎಂಜೈಮ್ ಏರಿತು. ಆರ್‌ಎನ್‌ಎ ಮತ್ತೆ ಪಾಸಿಟಿವ್.

ಹಳೇ ವೈರಸ್ಸೇ ತಲೆ ಎತ್ತಿತೋ, ಹೊಸದು ಒಳಗೆ ಹೊಕ್ಕಿತೋ? ಡಾಕ್ಟರು ಕೇಳಿದ್ದು ಇಷ್ಟೇ. ವಾಸಿಯಾದವರಲ್ಲೂ ಆಂಟಿಬಾಡಿ ವರ್ಷಗಟ್ಟಲೆ ಉಳಿಯುವುದರಿಂದ ಆ ಪರೀಕ್ಷೆಯಿಂದ ಉತ್ತರ ಸಿಗದು. ಜೀನೋಟೈಪ್, ಅಂದರೆ ವೈರಸ್ ಯಾವ ಬಗೆಯದು ಎಂದು ನೋಡಬೇಕು.

ಈಗ ಇದನ್ನು ಕೇಳುವವರೇ ಕಡಿಮೆ. ಇಂಟರ್‌ಫೆರಾನ್ ಇಂಜೆಕ್ಷನ್ನಿನ ಕಾಲದಲ್ಲಿ 1ನೇ ಬಗೆಗೆ 48 ವಾರ, 3ನೇ ಬಗೆಗೆ 24 ವಾರ ಚಿಕಿತ್ಸೆ ಇತ್ತು, ಹಾಗಾಗಿ ಜೀನೋಟೈಪ್ ಇಲ್ಲದೆ ಔಷಧಿಯೇ ಶುರುವಾಗುತ್ತಿರಲಿಲ್ಲ. 2018ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತವಾಗಿ ಕೊಡುವ ಮಾತ್ರೆಗಳು ಎಲ್ಲ ಬಗೆಗಳ ಮೇಲೂ ಕೆಲಸ ಮಾಡುತ್ತವೆ. ಒಳ್ಳೆಯದೇ ಆಯಿತು. ಆದರೂ ಇಂಥ ಹೊತ್ತಿನಲ್ಲಿ ಅದೇ ಪರೀಕ್ಷೆ ಬೇಕಾಗುತ್ತದೆ.

ಮೊದಲ ಸ್ಯಾಂಪಲ್ ಕೈಕೊಟ್ಟಿತು. ವೈರಸ್ ಇರಲಿ ಬಿಡಲಿ, ಪರೀಕ್ಷೆ ಸರಿಯಾಗಿ ನಡೆಯಿತೆಂದು ತಿಳಿಯಲು ನಾವೇ ಸೇರಿಸುವ ಇಂಟರ್ನಲ್ ಕಂಟ್ರೋಲ್ ಮೂಡಲೇಬೇಕು. ಅದೂ ಇಲ್ಲ. ಟ್ಯೂಬಿನ ಮುಚ್ಚಳ ನೇರಳೆ, ಅಂದರೆ ಹೆಪ್ಪು ತಡೆಯಲು ಒಳಗಿರುವುದು ಪಿಸಿಆರ್‌ಗೆ ಒಗ್ಗುವ ಇಡಿಟಿಎ, ಅದು ಸರಿಯಾಗಿಯೇ ಇದೆ. ಫೋನ್ ಮಾಡಿ ವಿಚಾರಿಸಿದಾಗ ಗೊತ್ತಾಯಿತು: ಡಯಾಲಿಸಿಸ್ ನಡೆಯುತ್ತಿದ್ದಾಗ ಅದರ ಪೈಪಿನಿಂದಲೇ ರಕ್ತ ತೆಗೆದಿದ್ದರು. ರಕ್ತ ಹೆಪ್ಪುಗಟ್ಟದಂತೆ ಅಲ್ಲಿ ಹೆಪಾರಿನ್ ಹಾಕಿರುತ್ತಾರೆ. ವೈರಸ್ಸಿನ ತುಣುಕನ್ನು ಲಕ್ಷಗಟ್ಟಲೆ ಪ್ರತಿ ಮಾಡಿ ಪತ್ತೆಹಚ್ಚುವ ಪಿಸಿಆರ್ ಕ್ರಿಯೆಯನ್ನು ಅದು ತಡೆದುಬಿಡುತ್ತದೆ. ಸೂಜಿ ಚುಚ್ಚಿದವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದಿನ ಸಲ ಹೆಪಾರಿನ್ ಕೊಡುವ ಮುಂಚೆ ತೆಗೆಯಿರಿ ಎಂದು ನಾನೇ ಹೋಗಿ ತಿಳಿಸಿ ಬಂದೆ.

ಎರಡನೆಯದು ಬಂದ ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾ ಬೇರ್ಪಡಿಸಿದೆ. ಏಪ್ರಿಲ್ ಬಿಸಿಲಿಗೆ ರಕ್ತವನ್ನು ಮೇಜಿನ ಮೇಲೆ ಬಿಡುವಂತಿಲ್ಲ, ಆರ್‌ಎನ್‌ಎ ಬೇಗ ಮುರಿಯುತ್ತದೆ. ಆಮೇಲೆ ಆರ್‌ಎನ್‌ಎ ತೆಗೆದು, ಅದರ ಡಿಎನ್‌ಎ ಪ್ರತಿಯಾದ ಸಿಡಿಎನ್‌ಎ ಮಾಡಿ, ಪಿಸಿಆರ್‌ಗೆ ಇಟ್ಟೆ. ಪಿಸಿಆರ್ ಮುಗಿದ ಟ್ಯೂಬನ್ನು ಸ್ಯಾಂಪಲ್ ತಯಾರಿಸುವ ಕೋಣೆಗೆ ತರುವುದು ನಮ್ಮಲ್ಲಿ ನಿಷಿದ್ಧ, ಅದರ ಪ್ರತಿಗಳು ಹೊಸ ಸ್ಯಾಂಪಲ್ಲಿಗೆ ಬೆರೆತರೆ ಸುಳ್ಳು ಫಲಿತಾಂಶ ಬರುತ್ತದೆ. ಒಮ್ಮೆ ಬರೀ ನೀರಿಟ್ಟ ಟ್ಯೂಬಿನಲ್ಲೂ ಗೆರೆ ಮೂಡಿ, ಇಡೀ ದಿನದ ಕೆಲಸವನ್ನು ಎಸೆದಿದ್ದೇನೆ. ಅಂದಿನಿಂದ ಕೋಟನ್ನೂ ಬದಲಿಸುತ್ತೇನೆ.

ಕೊನೆಗೆ ಪಟ್ಟಿಯ ಕೆಲಸ. ಬೆರಳಗಲಕ್ಕಿಂತ ಕಿರಿದಾದ ಪಟ್ಟಿಯ ಮೇಲೆ ಒಂದೊಂದು ಬಗೆಗೂ ಹೊಂದುವ ಪ್ರೋಬ್‌ಗಳನ್ನು (ಚಿಕ್ಕ ಡಿಎನ್‌ಎ ತುಣುಕುಗಳನ್ನು) ಗೆರೆಗೆರೆಯಾಗಿ ಅಂಟಿಸಿರುತ್ತಾರೆ. ಹೊಂದಿಕೆಯಾದಲ್ಲಿ ಕಂದು ನೇರಳೆ ಬಣ್ಣ ಬರುತ್ತದೆ. ನೀರಿನ ಬಿಸಿ ಒಂದೆರಡು ಡಿಗ್ರಿ ಆಚೀಚೆ ಆದರೂ ಸಲ್ಲದ ಗೆರೆ ಮೂಡೀತು, ಅದಕ್ಕೇ ಥರ್ಮಾಮೀಟರ್ ಬಿಟ್ಟು ಕದಲಲಿಲ್ಲ. 1ನೇ ಬಗೆಯ ಗೆರೆಗಳು ಮೂಡಿದವು. ವೈರಸ್ಸಿನ ಆರ್‌ಎನ್‌ಎಯ ಆರಂಭದ ತುದಿಯ (5 ಪ್ರೈಮ್) ಭಾಗವೊಂದನ್ನೇ ನಂಬಿದರೆ 6ನೇ ಬಗೆಯನ್ನೂ 1 ಎಂದು ಓದಿಬಿಡಬಹುದು. ಅದರ ಪಕ್ಕದ ಕೋರ್ ಎಂಬ ಭಾಗದ ಗೆರೆಗಳನ್ನೂ ನೋಡಿದೆ, 1 ಖಚಿತ.

ಚಿಕಿತ್ಸೆಗೆ ಮುಂಚಿನ ರಿಪೋರ್ಟ್ ಅವರ ಹೆಂಡತಿಯ ಬಳಿ ಪಡಿತರ ಚೀಟಿಯ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟಿತ್ತು: ಜೀನೋಟೈಪ್ 3. ನಮ್ಮ ದೇಶದಲ್ಲಿ ಹೆಚ್ಚು ಕಾಣುವುದು ಅದೇ. ಆ ತಾಯಿ ಈ ಕಾಗದ ಎಸೆದಿದ್ದರೆ ನನ್ನ 1ಕ್ಕೆ ಅರ್ಥವೇ ಇರುತ್ತಿರಲಿಲ್ಲ. ಮೊದಲೇ ಎರಡೂ ಬಗೆಗಳಿದ್ದು, ಒಂದು ಅಡಗಿ ಕೂತಿದ್ದ ಸಾಧ್ಯತೆಯೂ ಉಂಟು, ಅದನ್ನೂ ರಿಪೋರ್ಟಿನಲ್ಲಿ ಬರೆದೆ. ಆದರೆ ಹೊಸ ಸೋಂಕಿನ ಸಂಶಯವೇ ಬಲವಾಗಿತ್ತು. ಅಂದರೆ ಪ್ರಶ್ನೆ ಈಗ ಅವರೊಬ್ಬರದಲ್ಲ, ಅವರ ಜೊತೆ ಅದೇ ಪಾಳಿಯಲ್ಲಿ ಡಯಾಲಿಸಿಸ್‌ಗೆ ಮಲಗುವವರದೂ ಹೌದು.

ಡಾಕ್ಟರು ಅಂದೇ ಮಾತಾಡಿದರು. ಹೊಸ ಸೋಂಕಿನಲ್ಲಿ ಆಂಟಿಬಾಡಿ ಹುಟ್ಟಲು ವಾರಗಳೇ ಹಿಡಿಯುವುದರಿಂದ ಎಲ್ಲರಿಗೂ ನೇರ ಆರ್‌ಎನ್‌ಎ ಪರೀಕ್ಷೆಯೇ ಆಗಲಿ ಎಂದೆ, ಒಪ್ಪಿದರು. ಸೋಮವಾರ ಬೆಳಿಗ್ಗೆ ಹನ್ನೊಂದು ಟ್ಯೂಬುಗಳು ಬಂದವು. ಎಲ್ಲದರ ಮೇಲೂ ಪೆನ್ನಿನಲ್ಲಿ ಬರೆದಿತ್ತು: ‘ಹೆಪಾರಿನ್‌ಗೆ ಮುಂಚೆ’.