ಅಜ್ಜಿಯೇ ಅತ್ತೆಯಾದರೆ ಎಕ್ಸ್ ಲೆಕ್ಕ ಹೇಗೆ?

ಆಳಂದ ಕಡೆಯ ಜಮೀನಿನ ಕೇಸು. ಕಲಬುರಗಿಯ ಕೋರ್ಟಿನಿಂದ ನಮ್ಮ ಡಿಎನ್‌ಎ ಲ್ಯಾಬಿಗೆ ಬಂದಿತ್ತು. ಇಬ್ಬರು ಹೆಂಡಿರಿದ್ದ ಯಜಮಾನ ತೀರಿಹೋಗಿದ್ದ. ಕಿರಿಯವಳ ಮಗಳು ಅವನಿಗೆ ಹುಟ್ಟಿದವಳೇ ಅಲ್ಲ ಅಂತ ಹಿರಿಯವಳ ಮಗಳ ತಕರಾರು. ಕಿರಿಯ ಹೆಂಡತಿಯೂ ಬದುಕಿಲ್ಲ. ಯಜಮಾನನ ಹೂತ ದೇಹ ತೆಗೆಯಲು ಮನೆಯವರು ಒಪ್ಪಲಿಲ್ಲ.

ಅಪ್ಪ ಒಬ್ಬನೇ, ಅಮ್ಮಂದಿರು ಬೇರೆ ಎಂದಾಗ ಡಿಎನ್‌ಎಯಲ್ಲಿ ನಾವು ಹೋಲಿಸಿ ನೋಡುವ ಜಾಗಗಳು, ಅಂದರೆ ಮಾಮೂಲಿ ಮಾರ್ಕರ್‌ಗಳು ಹೀಗೂ ಇರಬಹುದು, ಹಾಗೂ ಇರಬಹುದು ಎಂದು ನಿಂತುಬಿಡುತ್ತವೆ. ಎಕ್ಸ್ ಕ್ರೋಮೋಸೋಮಿನ ಮಾರ್ಕರ್‌ಗಳು ಹಾಗಲ್ಲ. ಗಂಡಸಿಗೆ ಒಂದೇ ಎಕ್ಸ್. ಅದನ್ನು ಎಲ್ಲ ಹೆಣ್ಣುಮಕ್ಕಳಿಗೂ ಹೆಚ್ಚುಕಮ್ಮಿ ಇದ್ದ ಹಾಗೇ ಕೊಡುತ್ತಾನೆ. ಹಾಗಾಗಿ ಇಬ್ಬರಲ್ಲೂ ಪ್ರತಿ ಮಾರ್ಕರ್‌ನಲ್ಲಿ ಒಂದು ಅಲೀಲ್ (ಆ ಜಾಗದಲ್ಲಿ ಕಾಣುವ ರೂಪ) ಆದರೂ ಕೂಡಿಬರಬೇಕು. ಒಂದು ಕಡೆ ತಪ್ಪಿದರೆ ಮ್ಯುಟೇಶನ್ (ತಾನಾಗಿ ಆದ ಬದಲಾವಣೆ) ಇರಬಹುದು. ನಾಲ್ಕಾರು ಕಡೆ ತಪ್ಪಿದರೆ ಅಪ್ಪ ಬೇರೆ.

ಎಕ್ಸ್ ಮೇಲಿನ ಹನ್ನೆರಡು ಮಾರ್ಕರ್ ನೋಡುವ ಆರ್ಗಸ್ ಎಕ್ಸ್-12 ಕಿಟ್ ಹಾಕಿದೆ. ಹನ್ನೆರಡೂ ಕೂಡಿಬಂದವು. ಖುಷಿಯಲ್ಲಿ ಹನ್ನೆರಡರ ಫ್ರೀಕ್ವೆನ್ಸಿಗಳನ್ನೂ (ಆ ಅಲೀಲ್ ಜನರಲ್ಲಿ ಎಷ್ಟು ಸಾಮಾನ್ಯ ಎಂಬ ಲೆಕ್ಕ) ಬೇರೆಬೇರೆ ಎಂದು ಹಿಡಿದು ಗುಣಿಸಿದೆ, ಅಪ್ಪ ಒಬ್ಬನೇ ಎನ್ನುವುದರ ಪರವಾದ ಅಂಕಿ ಆಕಾಶಕ್ಕೇರಿತು. ನಮ್ಮ ಮೇಡಂ ಹಾಳೆ ವಾಪಸ್ ಕೊಟ್ಟರು. ಆ ಹನ್ನೆರಡು ಮಾರ್ಕರ್‌ಗಳು ಮೂರು ಮೂರರಂತೆ ನಾಲ್ಕು ಗುಂಪು. ಒಂದು ಗುಂಪಿನ ಮೂರೂ ಪಕ್ಕಪಕ್ಕದಲ್ಲಿದ್ದು ಸಾಮಾನ್ಯವಾಗಿ ಜೊತೆಯಾಗಿಯೇ ಇಳಿದು ಬರುತ್ತವೆ. ಅವನ್ನು ಒಂದೇ ಹ್ಯಾಪ್ಲೋಟೈಪ್, ಅಂದರೆ ಒಂದೇ ಕಟ್ಟು, ಎಂದು ಲೆಕ್ಕಕ್ಕೆ ಹಿಡಿಯಬೇಕು. ಓದಿದ್ದ ವಿಷಯವೇ, ನೋಡಿ!

ಮತ್ತೆ ಕೂತೆ. ಹಿರಿಯ ಹೆಂಡತಿಯ ಸ್ಯಾಂಪಲ್ ಇತ್ತು. ಮಗಳ ಜೋಡಿಯಿಂದ ತಾಯಿಯದನ್ನು ಕಳೆದರೆ ಉಳಿಯುವುದು ಅಪ್ಪನ ಎಕ್ಸ್, ಅಲ್ವಾ? ಆದರೆ ಐದು ಕಡೆ ತಾಯಿ, ಮಗಳು ಇಬ್ಬರದೂ ಅದೇ ಜೋಡಿ. ಯಾವುದು ಯಾರದು ಅಂತ ಬಿಡಿಸಲು ಆಗಲಿಲ್ಲ. ಅನುಮಾನ ಬಂದು ಕೇಳಿಸಿದೆ. ಆಕೆ ಗಂಡನ ಅಕ್ಕನ ಮಗಳು! ಸೋದರಮಾವನನ್ನೇ ಮದುವೆಯಾದವಳು. ಗಂಡನ ಎಕ್ಸ್ ಬಂದದ್ದು ಅವನ ತಾಯಿಯಿಂದ. ಅದರ ತುಣುಕುಗಳು ಅಕ್ಕನ ಮೂಲಕ ಹೆಂಡತಿಗೂ ಬಂದಿದ್ದವು. ನಮ್ಮ ಕಡೆ ಇಂಥ ಮದುವೆ ಹೊಸದೇನಲ್ಲ, ಫಾರ್ಮಿನಲ್ಲಿ ಮಾತ್ರ ಆ ಪ್ರಶ್ನೆಯೇ ಇರಲಿಲ್ಲ.

ಯಜಮಾನನ ತಾಯಿ ಇನ್ನೂ ಇದ್ದರು. ಹಿರಿಯ ಸೊಸೆಗೆ ಅಜ್ಜಿಯೂ ಅವರೇ, ಅತ್ತೆಯೂ ಅವರೇ. ಕೆನ್ನೆಯ ಒಳಗೆ ಸ್ವಾಬ್ ಆಡಿಸುವಾಗ, "ಕಿರಿಯಾಕಿ ಮಗಳು ನನ್ನ ಮೊಮ್ಮಗಳೇ ಅದಾಳ ತಮ್ಮಾ, ನಿನ್ನ ಮಷಿನ್ ಏನ್ ಹೇಳ್ತದ?" ಎಂದರು. "ನೋಡಿ ಹೇಳ್ತೀವ್ರಿ ಆಯಿ" ಎಂದೆ.

ಕಿರಿಯ ಹೆಂಡತಿ ಬೀದರ್ ಕಡೆಯವಳು, ಸಂಬಂಧದವಳಲ್ಲ. ಅವಳ ಮಗಳಲ್ಲಿ ಹನ್ನೆರಡೂ ಕಡೆ ಆಯಿಯ ಒಂದು ಅಲೀಲ್ ಸಿಕ್ಕಿತು. ಹೊಸ ಅಂಕಿ ಮೊದಲಿನದಕ್ಕಿಂತ ಎಷ್ಟೋ ಸಣ್ಣದು, ಆದರೂ ಗಟ್ಟಿ. ಅಪ್ಪನೋ, ಅವನ ಒಡಹುಟ್ಟಿದವನೋ ಎಂದು ಎಕ್ಸ್ ಒಂದೇ ಎಲ್ಲ ಸಲ ಬೇರ್ಪಡಿಸಲಾರದು ಎಂಬುದನ್ನೂ ವರದಿಯಲ್ಲಿ ಬರೆದೆ. ಆಯಿಗೆ ಇದ್ದದ್ದು ಒಬ್ಬನೇ ಮಗ.

ಈಗ ಸ್ಯಾಂಪಲ್ ತೆಗೆದುಕೊಳ್ಳುವ ಮೊದಲು ಕೇಳುತ್ತೇನೆ: "ಮದುವೆಗೂ ಮೊದಲು ನೀವಿಬ್ಬರೂ ಏನಾಗಬೇಕಿತ್ತು?" ಹೆಚ್ಚಿನವರು ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ.