ಸಾಗುವಾನಿ ಹುಳುವಿಗೆ ಟ್ರೈಕೋಗ್ರಾಮ: ಕಣಜ ಬೆಳೆಸಿದ ನನ್ನ ಅನುಭವ

ಸಾಗುವಾನಿ ಎಲೆ ತಿನ್ನುವ ಹೈಬ್ಲಿಯಾ ಪತಂಗದ ಮೊಟ್ಟೆ ಒಡೆಯಲು ಎರಡು ದಿನ ಸಾಕು. ಆ ಮೊಟ್ಟೆಯೊಳಗೆ ಮೊಟ್ಟೆಯಿಡುವ ಟ್ರೈಕೋಗ್ರಾಮ ಕಣಜ ಬೆಳೆದು ಹೊರಬರಲು ಏಳೆಂಟು ದಿನ ಬೇಕು. ಹಾಗಾಗಿ ಪತಂಗ ಕಂಡ ಮೇಲೆ ಸಾಕಣೆ ಶುರುಮಾಡಿದರೆ ಏನೂ ಪ್ರಯೋಜನವಿಲ್ಲ. ಮುಂಗಾರಿಗೆ ಮುಂಚಿನ ಮಳೆಗೆ ಚಿಗುರೊಡೆಯುವ ಹೊತ್ತಿಗೆ, ಕಣಜ ಹೊಕ್ಕ ಮೊಟ್ಟೆಗಳನ್ನು ಅಂಟಿಸಿದ ಕಾರ್ಡುಗಳು ಕೈಯಲ್ಲಿರಬೇಕು.

ನಾನು ಕಣಜ ಬೆಳೆಸುವುದು ಅಕ್ಕಿ ಪತಂಗದ ಮೊಟ್ಟೆಯಲ್ಲಿ. ಒಂದು ಪೆಟ್ಟಿಗೆಗೆ ಎರಡೂವರೆ ಕಿಲೋ ಜೋಳದ ನುಚ್ಚು (100 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಆರಿಸಿದ್ದು), 100 ಗ್ರಾಂ ಶೇಂಗಾ ಪುಡಿ, 5 ಗ್ರಾಂ ಯೀಸ್ಟ್, 5 ಗ್ರಾಂ ನೀರಿನಲ್ಲಿ ಕರಗುವ ಗಂಧಕ, ಅರ್ಧ ಸಿಸಿ ಅಕ್ಕಿ ಪತಂಗದ ಮೊಟ್ಟೆ. ಗಂಧಕ ಮರೆತರೆ ನುಸಿ ಬರುತ್ತದೆ. ಮುಚ್ಚಿದ ಬಟ್ಟೆ ಸಡಿಲವಿದ್ದರೆ ಬ್ರಾಕಾನ್ ಎಂಬ ಬೇರೆ ಕಣಜ ಹೊಕ್ಕು ಅಕ್ಕಿ ಪತಂಗದ ಹುಳುಗಳನ್ನೇ ಮುಗಿಸುತ್ತದೆ. ಸುಮಾರು 40 ದಿನಕ್ಕೆ ಪತಂಗ ಏಳುತ್ತವೆ. ಅವುಗಳ ರೆಕ್ಕೆಯ ಹುಡಿ ಉಸಿರಿಗೆ ಕೆಟ್ಟದ್ದು, ಮಾಸ್ಕ್ ಇಲ್ಲದೆ ಕೈಹಾಕಬೇಡಿ.

ಜರಡಿಯಾಡಿದ ಮೊಟ್ಟೆಯನ್ನು ತೆಳ್ಳಗೆ ಹರಡಿ, 15 ವ್ಯಾಟ್ ಯುವಿ ದೀಪದಡಿ ಎರಡಡಿ ದೂರದಲ್ಲಿ 45 ನಿಮಿಷ ಇಡಬೇಕು. ಭ್ರೂಣ ಸಾಯದಿದ್ದರೆ ಮರಿಹುಳು ಹೊರಬಂದು ಪಕ್ಕದ ಮೊಟ್ಟೆಗಳನ್ನೂ ತಿನ್ನುತ್ತದೆ. ಒಂದು ಕಾರ್ಡಿಗೆ ಒಂದು ಸಿಸಿ ಮೊಟ್ಟೆ. ಗೋಂದು ತೆಳುವಾಗಿರಲಿ, ದಪ್ಪವಾದರೆ ಮೊಟ್ಟೆ ಅದರಲ್ಲೇ ಹೂತುಹೋಗುತ್ತದೆ.

ಕಣಜವಿರುವ ಹಳೆಯ ಕಾರ್ಡಿನಿಂದ ಕಣಜ ಹೊರಬಂದ ಕೂಡಲೇ ಹೊಸ ಕಾರ್ಡ್ ಕೊಡುವ ಆತುರ ಬೇಡ. ಜೇನುತುಪ್ಪದ ಒಂದೆರಡು ಗೆರೆ ಎಳೆದು ಕೆಲ ಗಂಟೆ ಬಿಡಿ, ಕೂಡಿಕೊಳ್ಳಲಿ. ಗರ್ಭಕಟ್ಟಿದ ಮೊಟ್ಟೆಯಿಂದ ಹೆಣ್ಣು, ಕಟ್ಟದ್ದರಿಂದ ಗಂಡು. ಕೂಡದ ಹೆಣ್ಣಿನ ಸಂತಾನವೆಲ್ಲ ಗಂಡೇ, ತೋಟಕ್ಕೆ ಅದರಿಂದ ಉಪಯೋಗವಿಲ್ಲ. ಮಸೂರದಡಿ ನೋಡಿದರೆ ಹೆಣ್ಣು ಮೊಟ್ಟೆಯ ಮೇಲೆ ಮೀಸೆ ಬಡಿಯುತ್ತ ಉದ್ದಗಲ ನಡೆದು, ಅದರ ಗಾತ್ರ ಅಳೆದೇ ಕೊಂಡಿ ಇಳಿಸುವುದು ಕಾಣುತ್ತದೆ. ಆರು ಹೊಸ ಕಾರ್ಡಿಗೆ ಒಂದು ಕಪ್ಪು ಕಾರ್ಡ್ (ಕಣಜ ಹೊಕ್ಕು ಮೊಟ್ಟೆ ಕಪ್ಪಾದದ್ದು) ಲೆಕ್ಕ. ಕಣಜ ಹೆಚ್ಚಾದರೆ ಒಂದೇ ಮೊಟ್ಟೆಗೆ ಹಲವು ಹೆಣ್ಣುಗಳು ಚುಚ್ಚಿ, ರೆಕ್ಕೆ ಸರಿಯಾಗಿ ಬೆಳೆಯದ ಕುಳ್ಳ ಕಣಜಗಳು ಬರುತ್ತವೆ.

ನಾಲ್ಕನೆಯ ದಿನದ ಹೊತ್ತಿಗೆ ಮೊಟ್ಟೆ ಕಪ್ಪಾಗುತ್ತದೆ. ಆಗ 10 ಡಿಗ್ರಿಯ ಫ್ರಿಜ್ಜಿಗೆ. ಎರಡು ವಾರಕ್ಕಿಂತ ಹೆಚ್ಚು ನಾನು ಇಡುವುದಿಲ್ಲ, ಹಾರುವ ಶಕ್ತಿ ಕುಂದುತ್ತದೆ. ಪತಂಗದ ಹಾರಾಟ ಕಂಡೊಡನೆ ಹೊರತೆಗೆದು, ಸಂಜೆ ಎಲೆಯಡಿ ಕಟ್ಟಬೇಕು. ಕಟ್ಟುವ ದಾರಕ್ಕೆ ಗ್ರೀಸ್ ಸವರಿ, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಇರುವೆಗಳು ಕಾರ್ಡನ್ನು ಖಾಲಿ ಮಾಡಿರುತ್ತವೆ.